ಹಡಗಿನ ಪ್ರವಾಸಕ್ಕೆ ದುರ್ಬೀನು ಆರಿಸುವ ಬಗೆ

ಕಲಬುರಗಿಯಿಂದ ಹೊರಟು ಹಡಗು ಹತ್ತಿ ಡಾಲ್ಫಿನ್‌ಗಳನ್ನೂ ಕಡಲಹಕ್ಕಿಗಳನ್ನೂ ನೋಡಬೇಕೆಂದಿರುವವರು ಮೊದಲು ದುರ್ಬೀನಿನ ಮೇಲಿನ ಎರಡು ಅಂಕಿಗಳನ್ನು ಅರಿಯಬೇಕು. 8×42 ಎಂದರೆ ದೃಶ್ಯ 8 ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಮಸೂರದ ವ್ಯಾಸ 42 ಮಿಲಿಮೀಟರ್ ಇದೆ ಎಂದರ್ಥ. ಅಂಗಡಿಯಲ್ಲಿ 12 ಪಟ್ಟಿನದು ಮನಸ್ಸನ್ನು ಸೆಳೆಯುವುದು ಸಹಜ. ಆದರೆ ದುರ್ಬೀನು ಕೈಯ ನಡುಕವನ್ನೂ ಹಡಗಿನ ಓಲಾಟವನ್ನೂ ಅಷ್ಟೇ ಪಟ್ಟು ಹಿಗ್ಗಿಸುವುದರಿಂದ, ಜೊತೆಗೆ ಪಟ್ಟು ಹೆಚ್ಚಿದಂತೆ ನೋಟದ ಹರವು ಸಾಮಾನ್ಯವಾಗಿ ಕಿರಿದಾಗುವುದರಿಂದ, ಕ್ಷಣಮಾತ್ರ ಮೇಲೇಳುವ ಡಾಲ್ಫಿನ್ ನಮ್ಮ ಕಣ್ಣಿಗೆ ಸಿಗುವ ಮೊದಲೇ ಮುಳುಗಿರುತ್ತದೆ. ಆದ್ದರಿಂದ 7 ಅಥವಾ 8 ಪಟ್ಟಿನದನ್ನೇ ಕೊಳ್ಳಿರೆಂದು ನಾನು ಒತ್ತಿ ಹೇಳುತ್ತೇನೆ.

ಮಸೂರದ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಿಂಡಿಯ ಅಗಲ ದೊರೆಯುತ್ತದೆ. ಅದು 8×42ರಲ್ಲಿ ಸುಮಾರು 5 ಮಿ.ಮೀ., 7×50ರಲ್ಲಿ ಸುಮಾರು 7 ಮಿ.ಮೀ. ಇರುತ್ತದೆ. ಅಗಲ ಹೆಚ್ಚಿದ್ದಷ್ಟೂ ನಸುಕಿನಲ್ಲಿ ನೋಟ ಸುಲಭ, ಆದರೆ 7×50 ಕೊರಳಿಗೆ ಭಾರ. ನೀರು ಹೊಗದಂತೆ ಮುಚ್ಚಿ, ಒಳಗೆ ನೈಟ್ರೋಜನ್ ತುಂಬಿದ್ದರೆ ಗಾಜಿನ ಒಳಬದಿ ಮಬ್ಬಾಗುವುದಿಲ್ಲ. ಕನ್ನಡಕದವರು ಅದನ್ನು ಹಾಕಿಕೊಂಡೇ ಪರೀಕ್ಷಿಸಲಿ; ನೋಟದ ವೃತ್ತ ಪೂರ್ತಿ ಕಾಣದಿದ್ದರೆ ಆ ದುರ್ಬೀನು ಬೇಡ.

ಕೊಂಡ ಮೇಲೆ ನೇರವಾಗಿ ಕಡಲಿಗೆ ಒಯ್ಯಬೇಡಿ. ಊರಿನ ಅಪ್ಪನ ಕೆರೆಯ ದಂಡೆಯಲ್ಲೋ, ಚಳಿಗಾಲವಾದರೆ ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮದಲ್ಲೋ, ಹಾರುವ ಹಕ್ಕಿಯಿಂದ ದೃಷ್ಟಿ ಕದಲಿಸದೆ ದುರ್ಬೀನನ್ನು ಕಣ್ಣಿಗೆ ಏರಿಸುವುದನ್ನು ಕೆಲವು ಮುಂಜಾವು ಅಭ್ಯಾಸ ಮಾಡಿ.