ಕೆಟ್ಟ ಜೆರಾಕ್ಸಿನ ಬೆನ್ನ ಮೇಲೆ ಗೆರೆ ಕಲಿತದ್ದು

ಚಿತ್ರದುರ್ಗದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಚಿತ್ರ ಬರೀಬೇಕು ಅನ್ನೋ ಆಸೆ ಹೈಸ್ಕೂಲಿನಿಂದಲೂ ಇತ್ತು. ಕೈ ಹಚ್ಚಿದ್ದು ಮಾತ್ರ ನಲವತ್ತು ಹತ್ತಿರ ಬಂದ ಮೇಲೆ. ಎರಡು ಸಲ ಶುರು ಮಾಡಿ ಎರಡು ಸಲವೂ ಬಿಟ್ಟೆ. ಮೂರನೇ ಸಲ ಹಿಡಿದದ್ದು ಹದಿನಾಲ್ಕು ತಿಂಗಳಾಯಿತು, ಇನ್ನೂ ಬಿಟ್ಟಿಲ್ಲ.

ಮೊದಲ ಸಲ ದಾವಣಗೆರೆಗೆ ಹೋದಾಗ ದಪ್ಪ ಹಾಳೆಯ ಸ್ಕೆಚ್ ಬುಕ್ಕು, ಹನ್ನೆರಡು ಪೆನ್ಸಿಲಿನ ಡಬ್ಬಿ ತಂದಿದ್ದೆ. ಅಷ್ಟು ಒಳ್ಳೆ ಹಾಳೆ ಮೇಲೆ ತಪ್ಪು ಗೆರೆ ಎಳೆಯೋಕೆ ಮನಸ್ಸೇ ಬರುತ್ತಿರಲಿಲ್ಲ. ನಾಲ್ಕನೇ ಪುಟದಲ್ಲಿ ಮಗಳ ಮುಖ ಬರೆಯಲು ಹೋದೆ. ಅವಳ ಹಾಗೆ ಬರಲಿಲ್ಲ. ಬುಕ್ಕು ಬೀರು ಸೇರಿತು. ಎರಡನೇ ಸಲ ವಿಡಿಯೋ ನೋಡಿ ದಿನಕ್ಕೆ ನೂರು ನೇರ ಗೆರೆ, ನೂರು ವೃತ್ತ ಅಂತ ಹಟ ಹಿಡಿದೆ. ಒಂಬತ್ತನೇ ದಿನಕ್ಕೆ ಸಾಕಾಯಿತು. ಗೆರೆ ಸುಧಾರಿಸುತ್ತಿತ್ತು, ನಿಜ. ಆದರೆ ಆ ಗೆರೆ ಯಾತಕ್ಕೆ ಅಂತ ನನಗೇ ಗೊತ್ತಿರಲಿಲ್ಲ.

ಮೂರನೇ ಸಲ ಹಾಳೆಯಿಂದಲೇ ದಾರಿ ಬದಲಾಯಿತು. ನಮ್ಮ ಅಂಗಡಿಯಲ್ಲಿ ದಿನಾ ಹತ್ತಿಪ್ಪತ್ತು ಹಾಳೆ ಕೆಡುತ್ತವೆ. ಮಸಿ ಕಡಿಮೆ ಬಿದ್ದದ್ದು, ಸೊಟ್ಟ ಬಂದದ್ದು. ಜನರ ಹೆಸರು, ನಂಬರು ಇರುವಂಥವನ್ನು ಹರಿದು ಹಾಕುತ್ತೇನೆ. ಉಳಿದವುಗಳ ಹಿಂಬದಿ ಖಾಲಿ ಇರುತ್ತದಲ್ವಾ, ಅದನ್ನೇ ರಟ್ಟಿಗೆ ಸಿಕ್ಕಿಸಿ ಬರೆಯಲು ಕೂತೆ. ಕೆಟ್ಟ ಹಾಳೆ ಮೇಲೆ ಕೆಟ್ಟ ಗೆರೆ ಬಿದ್ದರೆ ಏನು ಹೋಯಿತು? ಆ ಧೈರ್ಯ ಬಂದ ಮೇಲೆ ಕೈ ಸಡಿಲ ಆಯಿತು. ಪೆನ್ಸಿಲ್ ಎರಡೇ ಸಾಕಾದವು, ಒಂದು 2ಬಿ, ಒಂದು 6ಬಿ. ಪೆನ್ಸಿಲ್ ಕಡ್ಡಿಯಲ್ಲಿ ಗ್ರಾಫೈಟ್ ಜೊತೆ ಜೇಡಿಮಣ್ಣು ಸೇರಿಸಿರುತ್ತಾರೆ. ಮಣ್ಣು ಕಡಿಮೆ ಆದಷ್ಟೂ ಕಡ್ಡಿ ಮೆತ್ತಗೆ, ಗೆರೆ ಕಪ್ಪು. ಎರಡರಲ್ಲಿ 6ಬಿ ಹೆಚ್ಚು ಮೆತ್ತಗಿನದು, ಸವರಿಕೊಂಡು ಹಾಳೆ ಗಲೀಜಾಗುತ್ತದೆ, ಅದಕ್ಕೆ ಅಂಗೈ ಕೆಳಗೆ ಒಂದು ತುಂಡು ಕಾಗದ ಇಟ್ಟುಕೊಳ್ಳುತ್ತೇನೆ.

ಹೊತ್ತೂ ಗೊತ್ತು ಮಾಡಿದೆ. ಒಂಬತ್ತಕ್ಕೆ ಶಟರ್ ಎತ್ತುತ್ತೇನೆ, ಗಿರಾಕಿಗಳು ಬರೋದು ಒಂಬತ್ತೂವರೆ ಮೇಲೆ. ನಡುವೆ ಕಾಲು ಗಂಟೆ ನನ್ನದು. ಅದರಲ್ಲಿ ಅರ್ಧ ಹೊತ್ತು ಗೆರೆ, ಇನ್ನರ್ಧ ಹೊತ್ತು ಆ ಗೆರೆ ಎಲ್ಲಿ ಬೇಕೋ ಅಂಥ ಒಂದು ವಸ್ತು. ದೀರ್ಘವೃತ್ತ ತಿದ್ದಿದ ದಿನ ಟೀ ಲೋಟ. ಪೆಟ್ಟಿಗೆ ತಿದ್ದಿದ ದಿನ ಕಾಗದದ ಬಂಡಲ್ಲು. ಬರೀ ಗೆರೆ ಎಳೆಯುವಾಗ ಬರುತ್ತಿದ್ದ ಬೇಸರ ಹೋದದ್ದು ಇಲ್ಲೇ. ಎದುರಿಗೆ ಲೋಟ ಕಾಯುತ್ತಾ ಕೂತಿದೆ ಅಂದಾಗ ವೃತ್ತ ತಿದ್ದೋಕೆ ಮನಸ್ಸು ತಾನೇ ಬರುತ್ತದೆ.

ಆ ಲೋಟದ ಬಗ್ಗೆ ಸ್ವಲ್ಪ ಹೇಳಬೇಕು. ಮೂರು ವಾರ ಅದನ್ನೇ ಬರೆದೆ. ಒಂದು ದಿನ ಬೆಳಿಗ್ಗೆಯೇ ಪಹಣಿ ಜೆರಾಕ್ಸಿಗೆ ಬಂದ ರೈತರೊಬ್ಬರು ಹಾಳೆ ಕಡೆ ನೋಡಿ, "ಅಣ್ಣ, ಇದು ಟೇಬಲ್ ಮ್ಯಾಲೆ ಕುಂತಿಲ್ಲ, ಗಾಳೀಲಿ ನಿಂತೈತೆ" ಅಂದರು. ಅವರು ಹೋದ ಮೇಲೆ ಲೋಟವನ್ನೇ ನೋಡುತ್ತಾ ಕೂತೆ. ಬಾಯಿ ದುಂಡಗೆ ಬರೆದಿದ್ದೆ, ತಳಕ್ಕೆ ಸುಮ್ನೆ ಒಂದು ನೇರ ಗೆರೆ ಎಳೆದಿದ್ದೆ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದೆ. ಬಾಯಿ ಬರೀ ಗೆರೆಯಾಗಿ ಕಂಡಿತು. ಮೆಲ್ಲಗೆ ಕೆಳಗಿಳಿಸಿದೆ, ಬಾಯಿ ತೆರೆಯುತ್ತಾ ಬಂತು. ತಳ ಕಣ್ಣಿನಿಂದ ಇನ್ನೂ ಕೆಳಗಿರುತ್ತದೆ, ಹಾಗಾಗಿ ಅದು ಬಾಯಿಗಿಂತ ಜಾಸ್ತಿ ದುಂಡಗೆ ಕಾಣಬೇಕು! ತಳದ ಕಾಣದ ಹಿಂಬದಿಯನ್ನೂ ಸೇರಿಸಿ, ಮೊಣಕೈ ಟೇಬಲ್ಲಿಗೆ ತಾಗಿಸದೆ ಭುಜದಿಂದ ತೋಳು ಆಡಿಸಿ ಪೂರ್ತಿ ಸುತ್ತು ಎಳೆದೆ. ಲೋಟ ಟೇಬಲ್ ಮೇಲೆ ಕೂತಿತು. ಅವತ್ತು ಆದ ಸಂತೋಷ ಎರಡು ತಿಂಗಳಿಗೆ ಸಾಕಾಯಿತು.

ಭಾನುವಾರ ಬೆಳಿಗ್ಗೆ ಕೋಟೆಗೆ ಹೋಗುತ್ತೇನೆ. ನಮ್ಮ ಊರಿನವರಿಗೆ ಇಂಥ ಕಲಿಕೆಗೆ ಬೇರೆ ಜಾಗ ಬೇಕಿಲ್ಲ. ಬಂಡೆಗಳು ಕದಲೋದಿಲ್ಲ, ಬಿಸಿಲು ಒಂದು ಪಕ್ಕದಿಂದ ಬೀಳುತ್ತದೆ. ಕಣ್ಣು ಕಿರಿದು ಮಾಡಿ ನೋಡಿದರೆ ಬಂಡೆಯ ಸಣ್ಣಪುಟ್ಟ ಕಲೆ, ಬಿರುಕು ಎಲ್ಲ ಮರೆಯಾಗಿ ಬೆಳಕು, ನಡುನೆರಳು, ಕತ್ತಲು ಮೂರೇ ಉಳಿಯುತ್ತವೆ. ಆ ಮೂರನ್ನಷ್ಟೇ ಅಡ್ಡ ಗೆರೆಗಳಲ್ಲಿ ತುಂಬೋದು. ಕತ್ತಲಿದ್ದ ಕಡೆ ಅದರ ಮೇಲೆ ಇನ್ನೊಂದು ಸಾಲು ಓರೆ ಗೆರೆ.

ಕೋಟೆಯ ಮೇಲುದುರ್ಗದಲ್ಲಿ ಕಲ್ಲಿನ ಉಯ್ಯಾಲೆ ಕಂಬ ಇದೆ, ಅಂದರೆ ಉಯ್ಯಾಲೆ ತೂಗುಹಾಕೋಕೆ ನಿಲ್ಲಿಸಿದ ಕಂಬಗಳು. ಅದನ್ನು ಎಷ್ಟು ಸಲ ಬರೆದರೂ ಕಂಬ ಗಿಡ್ಡ ಆಗುತ್ತಿತ್ತು. ಆಮೇಲೆ ಕಂಬ ಬರೆಯೋದನ್ನೇ ಬಿಟ್ಟು, ಕಂಬಗಳ ನಡುವೆ ಸಿಕ್ಕಿಕೊಂಡ ಆಕಾಶದ ಆಕಾರ ಬರೆದೆ. ಅಗಲ ಎಷ್ಟು, ಉದ್ದ ಎಷ್ಟು ಅಂತ ತೋಳು ನೇರ ಚಾಚಿ, ಪೆನ್ಸಿಲ್ ಹಿಡಿದು ಅಳೆದೆ. ಆಕಾಶ ಸರಿ ಬಂದಾಗ ಕಂಬಗಳೂ ಸರಿ ಬಂದಿದ್ದವು. ಕಂಬ ಹೇಗಿರುತ್ತೆ ಅಂತ ತಲೆಗೆ ಮೊದಲೇ ಗೊತ್ತು, ಅದಕ್ಕೆ ಕಣ್ಣಿನ ಮಾತು ಕೇಳೋದಿಲ್ಲ. ಖಾಲಿ ಜಾಗದ ಬಗ್ಗೆ ತಲೆಗೆ ಏನೂ ಗೊತ್ತಿಲ್ಲ, ಅದಕ್ಕೆ ಕಂಡದ್ದನ್ನೇ ಬರೆಯುತ್ತೇವೆ.

ಎಲ್ಲ ದಿನವೂ ನಡೆಯಲಿಲ್ಲ. ಜೂನ್ ತಿಂಗಳು ಶಾಲೆ, ಕಾಲೇಜು ಅಡ್ಮಿಷನ್ನಿನ ಹೊತ್ತು, ನಿಲ್ಲೋಕೂ ಪುರುಸೊತ್ತು ಇರಲಿಲ್ಲ. ಹನ್ನೊಂದು ದಿನ ಪೆನ್ಸಿಲ್ ಮುಟ್ಟಲಿಲ್ಲ. ಹಿಂದೆಲ್ಲ ಇಂಥ ಕಡೆಯೇ ಬಿಟ್ಟುಹೋಗಿತ್ತು, ಯಾಕೆಂದರೆ ತಪ್ಪಿದ್ದನ್ನೆಲ್ಲ ಒಂದೇ ದಿನ ತೀರಿಸಬೇಕು ಅಂತ ಕೂರುತ್ತಿದ್ದೆ. ಈ ಸಲ ಬಾಕಿ ಲೆಕ್ಕ ಇಡಲಿಲ್ಲ. ಹನ್ನೆರಡನೇ ದಿನ ಒಂದೇ ಹಾಳೆ ಗೆರೆ ಎಳೆದು ಎದ್ದೆ. ಮರುದಿನ ಕೈಯೇ ಇನ್ನೊಂದು ಹಾಳೆ ಕೇಳಿತು.

ಬರೆಯೋಕೆ ಮುಂಚೆ ಮೊಬೈಲಿನಲ್ಲಿ ಬೇರೆಯವರ ಚಿತ್ರ ನೋಡೋದನ್ನೂ ನಿಲ್ಲಿಸಿದೆ. ಅವರ ಹತ್ತು ವರ್ಷದ ಕೈಯನ್ನು ನನ್ನ ಹತ್ತು ವಾರದ ಕೈ ಪಕ್ಕ ಇಟ್ಟರೆ ಯಾರಿಗೆ ಉತ್ಸಾಹ ಉಳಿಯುತ್ತೆ ಹೇಳಿ? ಅದರ ಬದಲು ಪ್ರತಿ ಹಾಳೆ ಮೂಲೆಗೆ ತಾರೀಕು ಹಾಕಿ ಕಾಗದದ ಖಾಲಿ ಪೆಟ್ಟಿಗೆಗೆ ಹಾಕುತ್ತೇನೆ. ತಿಂಗಳಿಗೊಮ್ಮೆ ಮಾತ್ರ ತೆಗೆದು ನೋಡೋದು. ದಿನಾ ನೋಡಿದರೆ ಏನೂ ಕಾಣದು, ತಿಂಗಳಿಗೊಮ್ಮೆ ನೋಡಿದರೆ ಚೆನ್ನಾಗಿ ಕಾಣುತ್ತದೆ. ಮೊದಲ ತಿಂಗಳ ಗೆರೆಗಳು ನಡುಗಿವೆ, ಒಂದೇ ಗೆರೆಯನ್ನು ಐದಾರು ಸಲ ತೀಡಿದ್ದೇನೆ. ಆರನೇ ತಿಂಗಳಿನವು ಒಂದೇ ಎಳೆತಕ್ಕೆ ಬಂದಿವೆ.

ಮೊದಲ ಪೆಟ್ಟಿಗೆ ತುಂಬಿತು. ಈಗ ಕೋಟೆಯ ಮೆಟ್ಟಿಲು ಹಿಡಿದಿದ್ದೇನೆ. ಕೆಳಗೆ ನಿಂತು ನೋಡಿದರೆ, ಕಣ್ಣಿನ ಮಟ್ಟ ದಾಟಿದ ಮೆಟ್ಟಿಲುಗಳ ಮೇಲ್ಮೈ ಕಾಣೋದಿಲ್ಲ, ಮುಂಬದಿ ಮಾತ್ರ ಕಾಣುತ್ತದೆ. ಕಳೆದ ಭಾನುವಾರ ಅದನ್ನು ಮರೆತು ಎಲ್ಲದಕ್ಕೂ ಮೇಲ್ಮೈ ಬರೆದುಬಿಟ್ಟಿದ್ದೆ. ಈ ಭಾನುವಾರ ಅದೇ ಮೆಟ್ಟಿಲ ಬುಡದಲ್ಲಿ ಕೂತು ಮೊದಲು ಕಣ್ಣಿನ ಮಟ್ಟದ ಗೆರೆ ಹಾಕಿಕೊಳ್ಳಬೇಕು.