ನ್ಯೂಜಿಲೆಂಡ್‌ನ್ಯಾಗ ಮೋಟರ್‌ಹೋಮ್: ಅವ್ವ-ಅಪ್ಪನ್ನ ಕರ್ಕೊಂಡು ಹೊಂಟವ್ರಿಗೆ

ರಜಾಕ್ಕಂತ ಹುಬ್ಬಳ್ಳಿಗೆ ಬಂದ್ರ ಸಾಕು, ಕೇಶ್ವಾಪುರದ ನಮ್ಮ ಮನಿಗೆ ಯಾರರೆ ಬಂದು ಕೇಳೋದು ಇದನ್ನ, "ನಮ್ಮ ಹುಡುಗನೂ ಆಕ್ಲೆಂಡ್‌ನ್ಯಾಗ ಅದಾನ, ಡಿಸೆಂಬರ್‌ಕ ನಮ್ಮನ್ನ ಕರ್ಸ್ಕೊಂಡು ಆ ಮನಿ ಇರೋ ಗಾಡಿಯೊಳಗ ತಿರುಗಸ್ತಾನಂತ, ಹೆಂಗ್ರೀ ಅದು?" ಅದಕ್ಕ ಒಮ್ಮೆ ಬರದ ಇಟ್ಟಬಿಡ್ತೀನಿ, ಅಲ್ಲಿರೋ ಹುಡುಗ್ರು ಓದ್ಕೊಳ್ರಿ.

ಎಲ್ಲಾರೂ ಹೆದರೋದು ಡ್ರೈವಿಂಗ್‌ಗೆ, ಖರೇ ಅಂದ್ರ ಅದು ಅಷ್ಟ ದೊಡ್ಡ ಮಾತಲ್ಲ, ನಮ್ಮಂಗನ ಎಡಕ್ಕ ಹೊಡಿಯೋದು. ಗಾಡಿ 3500 ಕೆಜಿ ದಾಟಿದ್ರ 90ರ ಮ್ಯಾಲೆ ಹೋಗಂಗಿಲ್ಲ, ಹಿಂದ ಕಾರು ಸಾಲುಗಟ್ಟಿದ್ರ ಜಾಗ ನೋಡಿ ಬಾಜೂಕ ತಗೊಂಡು ಬಿಟ್ಟಕೊಡ್ರಿ. ಒಂದ ಗಾಡಿ ಹಿಡಿಯೋ ಬ್ರಿಜ್ ಭಾಳ ಅದಾವು, ಬೋರ್ಡ್ ಮ್ಯಾಲೆ ನಿಮ್ಮ ಬಾಣ ಸಣ್ಣದು, ಕೆಂಪಿದ್ರ ನೀವ ನಿಲ್ಲಬೇಕು. ಕ್ರೈಸ್ಟ್‌ಚರ್ಚ್‌ನಿಂದ ಕ್ವೀನ್ಸ್‌ಟೌನ್ ಸುಮಾರು 480 ಕಿಮೀ, ಹುಬ್ಳಿ-ಬೆಂಗಳೂರಗಿಂತ ಒಂಚೂರು ಜಾಸ್ತಿ, ಆದ್ರ ಆ ಗಾಡಿಯೊಳಗ ಒಂದ ದಿನಕ್ಕ ಮುಗಸ್ತೀನಿ ಅಂತ ಹಟ ಮಾಡಬ್ಯಾಡ್ರಿ, ನಡಕ ಟೆಕಾಪೊದಾಗ ಒಂದ ರಾತ್ರಿ ಹಾಕ್ರಿ. ಮತ್ತ ಗಾಡಿ ಓಡೋವಾಗ ಎಲ್ಲಾರೂ ಬೆಲ್ಟ್ ಹಾಕ್ಕೊಂಡು ಕುಂತಿರಬೇಕು, ನಮ್ಮವ್ವ ಮಾತ್ರ ಚಹಾ ಇಡ್ತೀನಿ ಅಂತ ಮೂರು ಸಲ ಎದ್ದಳು.

ತಲಿನೋವು ಇರೋದು ರಾತ್ರಿ ಮಲಗೋ ಜಾಗಾದ್ದು, ನೀರಿಂದು, ಸಂಡಾಸದ್ದು. ಕೆರಿ ದಂಡಿ ಚಂದ ಕಾಣ್ತು ಅಂತ ಅಲ್ಲೇ ನಿಲ್ಲಿಸಿ ಮಲಗಂಗಿಲ್ರಿ. ರೊಕ್ಕ ಕೊಡೋ ಕ್ಯಾಂಪ್ ಬಿಟ್ಟು ಹೊರಗ ಹಿಂಗ ಗಾಡಿಯೊಳಗ ಮಲಗೋದಕ್ಕ ಫ್ರೀಡಮ್ ಕ್ಯಾಂಪಿಂಗ್ ಅಂತಾರ, ಹೆಸರಿಗಷ್ಟ ಫ್ರೀಡಮ್, ಊರಿಗೊಂದು ಕೌನ್ಸಿಲ್ ರೂಲ್ ಐತಿ. 2023ರ ಕಾನೂನಿನ ಪ್ರಕಾರ ಗಾಡಿಯೊಳಗ ಸಂಡಾಸ ಫಿಕ್ಸ್ ಇದ್ರನ ಸೆಲ್ಫ್ ಕಂಟೇನ್ಡ್ (ನೀರು, ಸಂಡಾಸ ಎಲ್ಲಾ ತನ್ನೊಳಗ ಇರೋ ಗಾಡಿ ಅನ್ನೋ) ಸರ್ಟಿಫಿಕೇಟ್ ಸಿಗ್ತೈತಿ, ಎತ್ತಿ ಇಡೋ ಪೋರ್ಟಬಲ್ ನಡಿಯಂಗಿಲ್ಲ. ಬಾಡಿಗಿಗೆ ತಗೊಳೋವಾಗ ಆ ಸರ್ಟಿಫಿಕೇಟಿನ ಹಸರು ವಾರಂಟ್ ಚೀಟಿ ಗಾಡಿಗೆ ಐತೇನು, ಎಷ್ಟ ಮಂದಿಗೆ ಐತಿ ಅಂತ ನೋಡ್ಕೊಳ್ರಿ, ಇಬ್ಬರ ಗಾಡಿಯೊಳಗ ನಾಕ ಮಂದಿ ಮಲಗಿದ್ರ ಅದು ಕೆಲಸಕ್ಕ ಬರೂದಿಲ್ಲ, ಮುಂಜಾನಿ ಎದ್ರ ಗ್ಲಾಸಿಗೆ ನೂರಾರು ಡಾಲರ್ ದಂಡದ ಚೀಟಿ.

ಸರ್ಟಿಫಿಕೇಟಿನ ಲೆಕ್ಕದಾಗ ನೀರು ಒಬ್ಬರಿಗೆ ದಿನಕ್ಕ 4 ಲೀಟರ್, ಅಂಥಾದ್ದು ಮೂರು ದಿನಕ್ಕ. ಟ್ಯಾಂಕು ಅದಕ್ಕಿಂತ ದೊಡ್ಡದ ಇರ್ತೈತಿ ಬಿಡ್ರಿ, ಆದ್ರೂ ಒಗ್ಗರಣಿ ಬುಟ್ಟಿ ತೊಳದು ಎರಡ ಸಲ ಜಳಕಾ ಮಾಡೋದ್ರಾಗ ಖಾಲಿ. ದಿನಗಟ್ಲೆ ನಳ ಬರದ ಹುಬ್ಳಿಯೊಳಗ ಕೊಡ ತುಂಬಿಸಿಟ್ಕೊಂಡು ಬೆಳದವ್ರಿಗೆ ಇದನ್ನ ಕಲಿಸೋದು ಬ್ಯಾಡ, ಅವ್ವ ಎರಡನೇ ದಿನಕ್ಕ ತಂಬಿಗಿ ತಗದಳು.

ಹೊಲಸ ನೀರು, ಸಂಡಾಸ ಎರಡೂ ಅದಕ್ಕಂತನ ಇರೋ ಡಂಪ್ ಸ್ಟೇಷನ್‌ನ್ಯಾಗನ ಚೆಲ್ಲಬೇಕು. ನಾ ಮೊದಲನೇ ಸಲ ಮೂರು ದಿನ ತಡಾ ಮಾಡಿದೆ, ಕ್ಯಾಸೆಟ್ (ಸಂಡಾಸದ ಕೆಳಗಿನ ಡಬ್ಬಿ) ತುಂಬಿ ಕೆಂಪ ಲೈಟ್ ಬಂತು, ಜಗ್ಗಿದ್ರ ಹೊರಗ ಬರವಲ್ದು, ಬಂತು ಅಂದ್ರ ಒಮ್ಮೆಲೆ ಬಂತು, ಪ್ಯಾಂಟೆಲ್ಲಾ ಆತು. ರೈಲ್ವೆ ವರ್ಕ್‌ಶಾಪಿನ್ಯಾಗ ರಿಟೈರ್ ಆದ ಅಪ್ಪ ಗ್ಲೌಸ್ ಹಾಕ್ಕೊಂಡು "ಸರಿ ಆಚೆ, ಮೊದಲ ಗಾಳಿ ಗುಂಡಿ ಒತ್ತಬೇಕೋ" ಅಂದ, ಆ ಗುಂಡಿ ಒತ್ತೂದು ಚೆಲ್ಲೋವಾಗಂತ, ಅದನ್ನ ಅಪ್ಪ ಮ್ಯಾನ್ಯುಯಲ್ಲಿನ್ಯಾಗ ಓದಿದ್ದ, ನಾ ಓದಿದ್ದಿಲ್ಲ. ಎರಡ ದಿನಕ್ಕೊಮ್ಮೆ ಖಾಲಿ ಮಾಡ್ರಿ.

ಮಿಕ್ಸಿ ಒಯ್ಯಬ್ಯಾಡ್ರಿ, ಕರೆಂಟ್ ಇರೋ ಸೈಟಿನ್ಯಾಗ ನಿಂತಾಗಷ್ಟ ಅದು ತಿರುಗ್ತೈತಿ, ಚಟ್ನಿಪುಡಿ ಒಯ್ರಿ. ವೆಲಿಂಗ್ಟನ್‌ನಿಂದ ಪಿಕ್ಟನ್‌ಗೆ ಫೆರ್ರಿ (ಗಾಡಿ ಸಮೇತ ಸಮುದ್ರ ದಾಟೋ ಹಡಗ) ಮೂರೂವರಿ ತಾಸು, ಹತ್ತೋಕಿಂತ ಮೊದಲ ಗ್ಯಾಸ್ ಬಂದ್ ಮಾಡ್ರಿ. ಡೀಸೆಲ್ ಗಾಡಿ ಆದ್ರ ರಸ್ತೆ ತೆರಿಗಿ ಪಂಪಿನ ರೇಟಿನ್ಯಾಗ ಇರಂಗಿಲ್ಲ, ಕಿಮೀ ಲೆಕ್ಕದಾಗ ಬ್ಯಾರೆ, ಬಾಡಿಗಿಯವ್ರು ವಾಪಸ್ ಕೊಡೋವಾಗ ಹಾಕ್ತಾರ, ಮೊದಲ ಕೇಳಿಟ್ಕೊಳ್ರಿ.

ಏರ್‌ಪೋರ್ಟಿನ್ಯಾಗ ತಿನ್ನೋದು ಏನ ತಂದ್ರೂ ಡಿಕ್ಲೇರ್ ಮಾಡ್ರಿ, ಮುಚ್ಚಿಟ್ಟು ಸಿಕ್ಕೊಂಡ್ರ 400 ಡಾಲರ್ ದಂಡ, ಜೇನುತುಪ್ಪ ಅಂತೂ ತರಾಕ ಹೋಗಬ್ಯಾಡ್ರಿ. ನಮ್ಮವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಆಫೀಸರ್ ಮುಂದ ಬಿಚ್ಚಿಟ್ಟು ಕನ್ನಡದಾಗನ "ತಿಂದ ನೋಡವ್ವಾ" ಅಂದಳು, ಆಕಿ ನಕ್ಕು ಮೂಸಿ ನೋಡಿ ಬಿಟ್ಟಳು.