ನೋಡಿದ ಸಿನಿಮಾಗಳಿಗೊಂದು ತಿಂಗಳ ಲೆಕ್ಕ

ಟಾಕೀಸಿಗೆ ಹೋಗಿ ಬಂದರೆ ಮಾತ್ರ ಸಿನಿಮಾ ನೋಡಿದಂತೆ ಎಂದು ಎಣಿಸುತ್ತಿದ್ದ ಕಾಲದಲ್ಲಿ ಲೆಕ್ಕ ಬರೆದಿಡುವ ಅಗತ್ಯ ಅಷ್ಟಾಗಿ ಇರಲಿಲ್ಲ. ಹಬ್ಬಕ್ಕೊಂದು, ಪರೀಕ್ಷೆ ಮುಗಿದ ಖುಷಿಗೊಂದು, ನೆಂಟರು ಬಂದಾಗಲೊಂದು ಎಂಬಂತೆ ನೋಡಿದ ಚಿತ್ರಗಳು ಆಯಾ ಸಂದರ್ಭದ ಜೊತೆಗೇ ನೆನಪಿನಲ್ಲಿ ಉಳಿಯುತ್ತಿದ್ದವು. ಈಗ ಮಲ್ಟಿಪ್ಲೆಕ್ಸ್, ಟಿ.ವಿ., ಒಟಿಟಿ, ಮೊಬೈಲ್ ಎಲ್ಲವೂ ಸೇರಿ ತಿಂಗಳಿಗೆ ಎಂಟು ಹತ್ತು ಚಿತ್ರಗಳನ್ನು ನೋಡುವವರು ಮನೆಮನೆಯಲ್ಲೂ ಸಿಗುತ್ತಾರೆ. ಒಂದರ ಕಥೆ ಇನ್ನೊಂದರ ಕಥೆಯೊಂದಿಗೆ ಕಲೆತುಹೋಗುವುದು ಸಣ್ಣ ನಷ್ಟ. ಚಿತ್ರ ಮುಗಿದ ರಾತ್ರಿ ನಮಗೆ ನಿಜವಾಗಿ ಏನನ್ನಿಸಿತ್ತು ಎಂಬುದು ಮರುದಿನ ಓದಿದ ವಿಮರ್ಶೆಯಲ್ಲಿ, ಗೆಳೆಯರ ವಾದದಲ್ಲಿ ಕರಗಿಹೋಗಿ, ಕೊನೆಗೆ ಅವರ ಅಭಿಪ್ರಾಯವನ್ನೇ ನಮ್ಮದೆಂದು ನಂಬಿಬಿಡುವುದು ಅದಕ್ಕಿಂತ ದೊಡ್ಡ ನಷ್ಟ. ತಿಂಗಳ ಲೆಕ್ಕವೊಂದನ್ನು ಇಟ್ಟುಕೊಂಡರೆ ಈ ಎರಡನೆಯದನ್ನು ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ಬೇಕಾದದ್ದು ಪ್ರತಿ ಚಿತ್ರಕ್ಕೆ ಐದು ನಿಮಿಷ ಮತ್ತು ತಿಂಗಳಿಗೊಮ್ಮೆ ಅರ್ಧ ಗಂಟೆ.

ಮೊದಲು ನಿಯಮ, ಆಮೇಲೆ ಪುಸ್ತಕ

ಯಾವ ಆ್ಯಪ್ ಒಳ್ಳೆಯದು, ಯಾವ ಡೈರಿ ಚೆಂದ ಎಂದು ಹುಡುಕುವುದಕ್ಕೆ ಮುನ್ನ, ಯಾವುದನ್ನು ‘ನೋಡಿದ ಸಿನಿಮಾ’ ಎಂದು ಎಣಿಸುತ್ತೀರಿ ಎಂಬುದನ್ನು ತೀರ್ಮಾನಿಸಿಕೊಂಡು ಪುಸ್ತಕದ ಮೊದಲ ಪುಟದಲ್ಲೇ ಬರೆದುಬಿಡಬೇಕು. ಎರಡನೇ ತಿಂಗಳಿನಲ್ಲಿ ನಿಯಮ ಬದಲಾದರೆ ಮೊದಲ ತಿಂಗಳ ಲೆಕ್ಕದೊಂದಿಗೆ ಅದನ್ನು ಹೋಲಿಸಲಾಗುವುದಿಲ್ಲ.

ವೆಬ್ ಸರಣಿಗಳನ್ನು ಸಿನಿಮಾಗಳೊಂದಿಗೆ ಬೆರೆಸದೆ, ಅದೇ ಪುಸ್ತಕದ ಹಿಂಬದಿಯಿಂದ ಬೇರೆಯಾಗಿ ಬರೆದುಕೊಳ್ಳುವುದು ಅನುಕೂಲ. ಕಿರುಚಿತ್ರಗಳ ವಿಷಯದಲ್ಲಿ ಆಸ್ಕರ್ ಪ್ರಶಸ್ತಿಯ ಅಳತೆಯನ್ನೇ ಎರವಲು ಪಡೆಯಬಹುದು: ಅಲ್ಲಿ 40 ನಿಮಿಷಕ್ಕಿಂತ ಹೆಚ್ಚು ಓಡುವುದನ್ನು ಪೂರ್ಣಾವಧಿ ಚಿತ್ರವೆಂದು ಪರಿಗಣಿಸುತ್ತಾರೆ. ರಾತ್ರಿಯ ಸೆಕೆಂಡ್ ಶೋ ಮುಗಿಯುವ ಹೊತ್ತಿಗೆ ತಾರೀಖು ಬದಲಾಗಿರುತ್ತದೆಯಾದ್ದರಿಂದ, ಆಟ ಆರಂಭವಾದ ದಿನವನ್ನೇ ಹಿಡಿಯುವುದು ಒಳ್ಳೆಯದು. ತಿಂಗಳ ಕೊನೆಯ ದಿನ ಈ ಪ್ರಶ್ನೆ ಬಂದೇ ಬರುತ್ತದೆ.

ಅರ್ಧಕ್ಕೆ ಬಿಟ್ಟ ಚಿತ್ರಗಳನ್ನು ಏನು ಮಾಡಬೇಕು? ಹೆಚ್ಚಿನವರು ಇವುಗಳನ್ನು ದಾಖಲಿಸುವುದೇ ಇಲ್ಲ, ಆದರೆ ನನ್ನ ಮಟ್ಟಿಗೆ ಇವು ಪೂರ್ತಿ ನೋಡಿದ ಚಿತ್ರಗಳಷ್ಟೇ ಮುಖ್ಯ. ಇಂಟರ್‌ವಲ್‌ಗೆ ಎದ್ದು ಬಂದಿರೋ, ಮೊದಲ ಇಪ್ಪತ್ತು ನಿಮಿಷಕ್ಕೇ ರಿಮೋಟ್ ಒತ್ತಿದಿರೋ ಎಂಬುದನ್ನು, ಏಕೆ ಎಂಬ ಒಂದು ಕಾರಣದೊಂದಿಗೆ ಬರೆದಿಟ್ಟರೆ, ವರ್ಷದ ಕೊನೆಗೆ ನಿಮ್ಮ ಅಭಿರುಚಿಯ ಬಗ್ಗೆ ನಿಮಗಿದ್ದ ಕಲ್ಪನೆ ಸ್ವಲ್ಪ ಬದಲಾಗುವ ಸಾಧ್ಯತೆಯಿದೆ. ಒಟ್ಟು ಸಂಖ್ಯೆಯಲ್ಲಿ ಮಾತ್ರ ಇವನ್ನು ಸೇರಿಸುವುದು ಬೇಡ. ಸಾಲಿನ ಮುಂದೆ ‘ಅರ್ಧ’ ಎಂದು ಗುರುತು ಹಾಕಿದರೆ ಸಾಕು.

ಪ್ರತಿ ಚಿತ್ರಕ್ಕೆ ಏನೇನು ಬರೆಯಬೇಕು

ನೋಡಿದ ದಿನಾಂಕ, ಚಿತ್ರದ ಹೆಸರು, ಬಿಡುಗಡೆಯಾದ ವರ್ಷ, ನೀವು ನೋಡಿದ ಭಾಷೆ, ನಿರ್ದೇಶಕರು, ಎಲ್ಲಿ ನೋಡಿದಿರಿ, ಯಾರೊಂದಿಗೆ, ಎಷ್ಟನೆಯ ಸಲ, ಕೊನೆಯಲ್ಲಿ ಒಂದೆರಡು ಸಾಲಿನ ಟಿಪ್ಪಣಿ: ಇಷ್ಟು ಸಾಕು. ನಟ ನಟಿಯರು, ಸಂಗೀತ, ಛಾಯಾಗ್ರಹಣ ಮುಂತಾದ ಉಳಿದ ಮಾಹಿತಿ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಯಾರೊಂದಿಗೆ ನೋಡಿದಿರಿ ಎಂಬುದು ನಿಮ್ಮ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ.

ಹೆಸರಿನ ಪಕ್ಕದಲ್ಲಿ ವರ್ಷವಿರಲೇಬೇಕು ಎಂಬುದಕ್ಕೆ ಕನ್ನಡದಲ್ಲೇ ಸಾಕಷ್ಟು ನಿದರ್ಶನಗಳಿವೆ. ‘ಗಂಧದ ಗುಡಿ’ ಎಂದಷ್ಟೇ ಬರೆದರೆ ಅದು ರಾಜ್‌ಕುಮಾರ್ ನಟಿಸಿದ 1973ರ ಚಿತ್ರವೋ, ಪುನೀತ್ ರಾಜ್‌ಕುಮಾರ್ ಕಾಣಿಸಿಕೊಂಡಿರುವ 2022ರ ಸಾಕ್ಷ್ಯಚಿತ್ರವೋ ಎಂಬುದು ಮೂರು ವರ್ಷದ ನಂತರ ನಿಮಗೇ ತಿಳಿಯದು. ‘ನಾಗರಹಾವು’ ಕೂಡ 1972ರದ್ದೊಂದು, 2016ರದ್ದೊಂದು. ಇನ್ನು ಬಿಡುಗಡೆಯ ವರ್ಷ ಮತ್ತು ನೋಡಿದ ವರ್ಷ ಎರಡೂ ಬೇರೆ ಬೇರೆ ಕಾಲಂಗಳಲ್ಲಿ ಇರಬೇಕು. ‘ಮುಂಗಾರು ಮಳೆ’ ತೆರೆಕಂಡದ್ದು 2006ರ ಡಿಸೆಂಬರ್ ಕೊನೆಯ ವಾರದಲ್ಲಿ. ಅದನ್ನು ಟಾಕೀಸಿನಲ್ಲಿ ನೋಡಿದವರಲ್ಲಿ ಬಹುಪಾಲು ಜನ ನೋಡಿದ್ದು 2007ರಲ್ಲಿ. ಚಿತ್ರೋತ್ಸವಗಳಿಗೆ ಹೋಗುವವರಿಗೆ ಇದರ ತಿರುಗುಮುರುಗು ತೊಡಕೂ ಇದೆ: ‘ತಿಥಿ’ 2015ರಲ್ಲೇ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು ಪ್ರಶಸ್ತಿ ಪಡೆದಿದ್ದರೂ ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2016ರಲ್ಲಿ. ಮೊದಲ ಸಾರ್ವಜನಿಕ ಪ್ರದರ್ಶನದ ವರ್ಷವನ್ನು ಹಿಡಿಯುತ್ತೀರೋ ಇಲ್ಲಿನ ಬಿಡುಗಡೆಯನ್ನು ಹಿಡಿಯುತ್ತೀರೋ ಎಂಬುದು ನಿಮಗೆ ಬಿಟ್ಟದ್ದು, ಆದರೆ ಕೊನೆತನಕ ಒಂದನ್ನೇ ಹಿಡಿಯಬೇಕು.

ಭಾಷೆಯ ಕಾಲಂ ಈಗ ಮೊದಲಿಗಿಂತ ಹೆಚ್ಚು ಎಚ್ಚರ ಬೇಡುತ್ತದೆ, ಏಕೆಂದರೆ ಒಂದೇ ಚಿತ್ರ ಐದು ಭಾಷೆಗಳಲ್ಲಿ ಒಂದೇ ದಿನ ಬರುತ್ತದೆ. ಮೂಲ ಭಾಷೆ ಯಾವುದು, ನೀವು ಕೇಳಿದ ಭಾಷೆ ಯಾವುದು ಎಂಬ ಎರಡನ್ನೂ ಬರೆಯಿರಿ. ರೀಮೇಕ್ ಆಗಿದ್ದರೆ ಮೂಲದ ಹೆಸರನ್ನು ಸೂಚಿಸಿ: ‘ಆಪ್ತಮಿತ್ರ’ (2004) ನೋಡಿದ ಮೇಲೆ ಎಂದಾದರೂ ಮಲಯಾಳದ ‘ಮಣಿಚಿತ್ರತ್ತಾಳ್’ (1993) ನೋಡಿದರೆ ಎರಡು ಟಿಪ್ಪಣಿಗಳನ್ನೂ ಅಕ್ಕಪಕ್ಕ ಇಟ್ಟು ಓದಬಹುದು. ಹಳೆಯ ಚಿತ್ರಗಳ ವಿಷಯದಲ್ಲಿ ಯಾವ ಪ್ರತಿ ನೋಡಿದಿರಿ ಎಂಬುದೂ ಗಮನಿಸಬೇಕಾದದ್ದೇ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ದುರಸ್ತಿಗೊಂಡ ಹೊಸ ರೂಪದಲ್ಲಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಆ ಪ್ರತಿಯನ್ನು ದೊಡ್ಡ ಪರದೆಯಲ್ಲಿ ನೋಡುವುದಕ್ಕೂ ಅಂತರ್ಜಾಲದಲ್ಲಿನ ಮಸುಕು ಪ್ರತಿಯನ್ನು ಮೊಬೈಲಿನಲ್ಲಿ ನೋಡುವುದಕ್ಕೂ ಬಹಳ ಅಂತರವಿದೆ.

ಎಲ್ಲಿ ನೋಡಿದಿರಿ ಎಂಬಲ್ಲಿ ‘ಥಿಯೇಟರ್’ ಎಂದು ಬರೆದು ಕೈತೊಳೆದುಕೊಳ್ಳದೆ ಟಾಕೀಸಿನ ಹೆಸರನ್ನೂ ಊರನ್ನೂ ಬರೆಯಬೇಕು. ಬೆಂಗಳೂರಿನ ಮೆಜೆಸ್ಟಿಕ್ ಸುತ್ತಮುತ್ತಲಿನ ಸಾಗರ್, ಕಪಾಲಿಯಂಥ ಚಿತ್ರಮಂದಿರಗಳು ಇಂದು ಇಲ್ಲ, ಮತ್ತು ಅಲ್ಲಿ ಯಾವ ಚಿತ್ರವನ್ನು ಯಾವಾಗ ನೋಡಿದೆವು ಎಂದು ಹಿರಿಯರು ವಾದಿಸುವಾಗ ತೀರ್ಪು ಹೇಳಲು ಯಾರ ಬಳಿಯೂ ಬರಹವಿಲ್ಲ.

ಚಿತ್ರದ ಅವಧಿ ಬೇಕಿದ್ದರೆ, ಆರಂಭದಲ್ಲಿ ತೆರೆಯ ಮೇಲೆ ಬರುವ ಸೆನ್ಸಾರ್ ಸರ್ಟಿಫಿಕೇಟ್ ಮೇಲೆ ಕಣ್ಣಿಡಿ. ಪ್ರಮಾಣಪತ್ರದ ವರ್ಗದ ಜೊತೆಗೆ ಅವಧಿಯೂ ಅದರಲ್ಲಿ ನಮೂದಾಗಿರುತ್ತದೆ. ತಡವಾಗಿ ಒಳಹೊಕ್ಕು ಕತ್ತಲಲ್ಲಿ ಸೀಟು ಹುಡುಕುವವರಿಗೆ ಮಾತ್ರ ಈ ಸೌಲಭ್ಯವಿಲ್ಲ.

ಟಿಪ್ಪಣಿ ಬರೆಯುವ ಬಗೆ

ಇಡೀ ದಾಖಲೆಯ ಜೀವ ಇರುವುದು ಈ ಒಂದೆರಡು ಸಾಲುಗಳಲ್ಲಿ. ಇಲ್ಲಿ ಕಥೆಯ ಸಾರಾಂಶ ಬರೆಯಬಾರದು. ‘ಚೆನ್ನಾಗಿದೆ’, ‘ಬೋರು’, ‘ಒಮ್ಮೆ ನೋಡಬಹುದು’ ಎಂಬ ಮಾತುಗಳೂ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ವರ್ಷದ ನಂತರ ಓದಿದಾಗ ಅವು ಯಾವ ಚಿತ್ರಕ್ಕಾದರೂ ಅನ್ವಯಿಸುವಂತಿರುತ್ತವೆ. ನಿಮ್ಮ ಕಣ್ಣಿಗೆ ಅಂಟಿಕೊಂಡ ಒಂದು ದೃಶ್ಯ, ಕಿವಿಯಲ್ಲಿ ಉಳಿದ ಒಂದು ಮಾತು, ನಿಮ್ಮನ್ನು ಸಿಟ್ಟಿಗೆಬ್ಬಿಸಿದ ಒಂದು ತಿರುವು, ಇಲ್ಲವೇ ಪಕ್ಕದವರು ನಕ್ಕಾಗ ನಿಮಗೆ ನಗು ಬಾರದ ಒಂದು ಗಳಿಗೆಯನ್ನು ಹಿಡಿದು ಬರೆಯಿರಿ. ಇಂಟರ್‌ವಲ್ ಎಲ್ಲಿ ಬಂತು, ಆಗ ಮುಂದೇನಾಗುತ್ತದೆಂದು ಊಹಿಸಿದ್ದಿರಿ ಎಂಬುದು ನಮ್ಮ ಚಿತ್ರಗಳಿಗೆ ಬಹಳ ಒಳ್ಳೆಯ ಟಿಪ್ಪಣಿಯಾಗುತ್ತದೆ. ಚಿತ್ರಕಥೆಯ ಕಟ್ಟು ಹೇಗಿತ್ತೆಂಬುದು ಆ ಒಂದೇ ಸಾಲಿನಿಂದ ಮತ್ತೆ ನೆನಪಾಗುತ್ತದೆ.

ಮಾದರಿಗೆ ಒಂದು ನಮೂದು ಹೀಗಿರಬಹುದು: ‘8 ಮಾರ್ಚ್ 2025, ಶನಿವಾರ. ನಾಗರಹಾವು (1972), ಕನ್ನಡ, ಪುಟ್ಟಣ್ಣ ಕಣಗಾಲ್. ಮನೆಯ ಟಿ.ವಿ.ಯಲ್ಲಿ, ಜಾಹೀರಾತುಗಳ ನಡುವೆ. ಅಮ್ಮನ ಜೊತೆ, ಮೂರನೇ ಸಲ. ಹಿಂದೆ ಎರಡು ಸಲವೂ ರಾಮಾಚಾರಿಯ ಪರವಾಗಿದ್ದೆ. ಈ ಸಲ ಮಾತ್ರ ಚಾಮಯ್ಯ ಮೇಷ್ಟ್ರ ಮೇಲೆ ಸಿಟ್ಟೂ ಬಂತು, ಕನಿಕರವೂ ಆಯಿತು. ಅಮ್ಮನಿಗೆ ಸಿಟ್ಟು ಬರಲಿಲ್ಲ.’ ಇದರಲ್ಲಿ ವಿಮರ್ಶೆ ಎನ್ನುವಂಥದ್ದು ಏನೂ ಇಲ್ಲ. ಆದರೂ ನೋಡಿದವರು ಯಾರು, ಅವರು ಎಷ್ಟು ಬದಲಾಗಿದ್ದಾರೆ ಎಂಬುದು ಇದರಲ್ಲಿ ತಿಳಿಯುತ್ತದೆ.

ಬರೆಯುವ ಹೊತ್ತು ಅದೇ ರಾತ್ರಿ, ತಡವಾದರೆ ಮರುದಿನ ಬೆಳಗ್ಗೆ. ಯಾವುದೇ ವಿಮರ್ಶೆ ಓದುವುದಕ್ಕೂ ಮುನ್ನ. ಮನೆಗೆ ಹೋಗುವ ದಾರಿಯಲ್ಲಿ ಮೊಬೈಲಿನಲ್ಲಿ ಎರಡು ಮಾತು ಹೇಳಿ ಧ್ವನಿಮುದ್ರಿಸಿಕೊಂಡರೂ ಆಗುತ್ತದೆ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಂಥ ಕಡೆ ಒಂದೇ ದಿನ ನಾಲ್ಕು ಚಿತ್ರ ನೋಡುವವರು ಪ್ರತಿ ಪ್ರದರ್ಶನದ ನಂತರದ ಸರತಿ ಸಾಲಿನಲ್ಲಿ ನಿಂತೇ ಬರೆದುಕೊಳ್ಳಬೇಕು. ರಾತ್ರಿಯವರೆಗೆ ಕಾದರೆ ಮಧ್ಯಾಹ್ನದ ಎರಡು ಚಿತ್ರಗಳು ಒಂದೇ ಚಿತ್ರವಾಗಿರುತ್ತವೆ.

ನಕ್ಷತ್ರಗಳ ಗೋಜು

ಅಂಕ ಕೊಡಬೇಕೇ? ಐಎಂಡಿಬಿ ಎಂಬ ಸಿನಿಮಾ ಮಾಹಿತಿಯ ಜಾಲತಾಣದಲ್ಲಿ ಒಂದರಿಂದ ಹತ್ತು, ಲೆಟರ್‌ಬಾಕ್ಸ್‌ಡ್ ಎಂಬ ಸಿನಿಮಾ ದಿನಚರಿಯ ಆ್ಯಪ್‌ನಲ್ಲಿ ಅರ್ಧ ನಕ್ಷತ್ರದಿಂದ ಐದು ನಕ್ಷತ್ರದವರೆಗೆ ಕೊಡುವ ವ್ಯವಸ್ಥೆಯಿದೆ. ಎರಡರಲ್ಲೂ ಹತ್ತು ಮೆಟ್ಟಿಲುಗಳೇ. ಸ್ವಂತ ಪುಸ್ತಕಕ್ಕೆ ಇಷ್ಟು ಸೂಕ್ಷ್ಮ ತಕ್ಕಡಿ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ‘ಮತ್ತೆ ನೋಡುವೆ’, ‘ಒಮ್ಮೆ ಸಾಕು’, ‘ಬೇಡವಾಗಿತ್ತು’ ಎಂಬ ಮೂರೇ ಗುರುತುಗಳು ಸಾಕಾಗುತ್ತವೆ. ಅಂಕ ಕೊಟ್ಟೇ ತೀರುವವರು ಅದೇ ರಾತ್ರಿ ಕೊಡದೆ ತಿಂಗಳ ಕೊನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಕೊಟ್ಟರೆ ಹಾಡಿನ ಗುಂಗು, ಶಿಳ್ಳೆಯ ಅಬ್ಬರ ಇಳಿದಿರುತ್ತದೆ.

ಪುಸ್ತಕವೋ, ಕಂಪ್ಯೂಟರೋ, ಆ್ಯಪೋ

ತಿಂಗಳಿಗೆ ಐದಾರು ಚಿತ್ರ ನೋಡುವವರಿಗೆ 200 ಪುಟದ ಸಾಮಾನ್ಯ ಲಾಂಗ್ ಬುಕ್ ಹಲವು ವರ್ಷಗಳಿಗೆ ಸಾಕು. ಎಡಪುಟದಲ್ಲಿ ಗೆರೆ ಎಳೆದು ಕಾಲಂಗಳು, ಬಲಪುಟದಲ್ಲಿ ಟಿಪ್ಪಣಿ. ಪ್ರತಿ ತಿಂಗಳೂ ಹೊಸ ಪುಟದಿಂದ ಆರಂಭ. ಟಿಕೆಟ್ ಅಂಟಿಸುವ ಆಸೆಯಿದ್ದವರಿಗೆ ಒಂದು ಎಚ್ಚರಿಕೆ: ಈಗಿನ ಟಿಕೆಟುಗಳಲ್ಲಿ ಹಲವು ಥರ್ಮಲ್ ಕಾಗದದ ಮೇಲೆ ಮುದ್ರಣವಾಗುತ್ತವೆ. ಈ ಕಾಗದದಲ್ಲಿ ಅಕ್ಷರ ಮೂಡುವುದು ಶಾಯಿಯಿಂದಲ್ಲ, ಲೇಪನದ ಮೇಲೆ ಬಿದ್ದ ಶಾಖದಿಂದ. ಆದ್ದರಿಂದ ಬಿಸಿಲು, ಬಿಸಿ, ಎಣ್ಣೆಕೈ ಹಾಗೂ ಕೆಲವು ಬಗೆಯ ಪ್ಲಾಸ್ಟಿಕ್ ಕವರುಗಳ ಸಂಪರ್ಕದಿಂದ ಅಕ್ಷರಗಳು ಅಳಿಸಿಹೋಗುತ್ತವೆ. ಅಂಟಿಸುವ ಮುನ್ನ ಫೋಟೊ ತೆಗೆದುಕೊಳ್ಳಿ, ಅಥವಾ ಜೆರಾಕ್ಸ್ ಮಾಡಿಸಿ ಅದನ್ನೇ ಅಂಟಿಸಿ.

ಎಣಿಕೆ, ವಿಂಗಡಣೆ ಇಷ್ಟಪಡುವವರಿಗೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಹೆಚ್ಚು ಅನುಕೂಲ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ (2025-03-08) ಬರೆದರೆ ವಿಂಗಡಿಸುವಾಗ ತಾನಾಗಿಯೇ ಸರಿಯಾದ ಸಾಲಿಗೆ ಬರುತ್ತದೆ. ಕನ್ನಡದ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ, ಅದೂ ಎಲ್ಲ ಕಂಪ್ಯೂಟರು, ಮೊಬೈಲುಗಳೂ ಓದಬಲ್ಲ ಯೂನಿಕೋಡ್ ಅಕ್ಷರಗಳಲ್ಲೇ ಬರೆಯುವುದು ಒಳ್ಳೆಯದು. ಹಳೆಯ ನುಡಿ, ಬರಹ ಫಾಂಟುಗಳ ಆಸ್ಕಿ ಅಕ್ಷರಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಇಂಗ್ಲಿಷ್ ಲಿಪಿಯಲ್ಲಿ ಬರೆಯುವವರು ಒಂದೇ ಹೆಸರಿಗೆ ದಿನಕ್ಕೊಂದು ಕಾಗುಣಿತ ಬಳಸುವುದೂ ಎಣಿಕೆಯನ್ನು ಕೆಡಿಸುತ್ತದೆ.

ಆ್ಯಪ್‌ಗಳಲ್ಲಿ ಸಿನಿಮಾ ದಿನಚರಿಗೆಂದೇ ಹೆಸರಾದದ್ದು 2011ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಶುರುವಾದ ಲೆಟರ್‌ಬಾಕ್ಸ್‌ಡ್. ಅದರ ಡೈರಿ ವಿಭಾಗದಲ್ಲಿ ನೋಡಿದ ತಾರೀಖು, ಮರುವೀಕ್ಷಣೆಯ ಗುರುತು, ಟಿಪ್ಪಣಿ ಎಲ್ಲಕ್ಕೂ ಜಾಗವಿದೆ. ಅಲ್ಲಿನ ಚಿತ್ರಗಳ ಮಾಹಿತಿ ಬರುವುದು ಟಿಎಂಡಿಬಿ ಎಂಬ ಸಾರ್ವಜನಿಕರೇ ತುಂಬುವ ಭಂಡಾರದಿಂದ. ಹಳೆಯ ಕನ್ನಡ ಚಿತ್ರವೊಂದು ಹುಡುಕಿದಾಗ ಸಿಗದಿದ್ದರೆ ಟಿಎಂಡಿಬಿಯಲ್ಲಿ ಖಾತೆ ತೆರೆದು ನೀವೇ ಸೇರಿಸಬಹುದು. ಮೇಲಿನ ಮಾದರಿಯಲ್ಲಿ ಅಮ್ಮನ ಬಗ್ಗೆ ಬರೆದಂಥ ಸಾಲನ್ನು ಊರಿಗೆಲ್ಲ ಕಾಣುವಂತೆ ಹಾಕಬೇಕೇ ಎಂಬುದನ್ನು ಮಾತ್ರ ಯೋಚಿಸಿ. ಓದುವವರಿದ್ದಾರೆ ಎಂದು ತಿಳಿದ ಕೂಡಲೇ ಟಿಪ್ಪಣಿ ಜಾಣತನದ ಕಡೆಗೆ ವಾಲುತ್ತದೆ. ಆರು ತಿಂಗಳಿಗೊಮ್ಮೆ ಲೆಟರ್‌ಬಾಕ್ಸ್‌ಡ್ ಖಾತೆಯ ಸೆಟ್ಟಿಂಗ್ಸ್‌ನಿಂದ ಇಡೀ ದಾಖಲೆಯನ್ನು ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಕಡತವಾಗಿ ಇಳಿಸಿಟ್ಟುಕೊಳ್ಳುವುದನ್ನು ಮರೆಯಬೇಡಿ.

ತಿಂಗಳ ಕೊನೆಯ ಅರ್ಧ ಗಂಟೆ

ಮೊದಲು ಬಿಟ್ಟುಹೋದವನ್ನು ತುಂಬಿಸಬೇಕು. ಟಿಕೆಟ್ ಕಾದಿರಿಸಿದಾಗ ಬಂದ ಎಸ್ಸೆಮ್ಮೆಸ್ ಮತ್ತು ಇ-ಮೇಲ್‌ಗಳು, ಒಟಿಟಿಗಳ ವೀಕ್ಷಣೆಯ ಇತಿಹಾಸ ಇದಕ್ಕೆ ನೆರವಾಗುತ್ತವೆ. ನೆಟ್‌ಫ್ಲಿಕ್ಸ್‌ನಲ್ಲಿ ಈ ಪಟ್ಟಿಯನ್ನು ಇಳಿಸಿಕೊಳ್ಳಲೂಬಹುದು, ಆದರೆ ಅದರಲ್ಲಿ ಅರ್ಧಕ್ಕೆ ಬಿಟ್ಟದ್ದೂ ಸೇರಿರುತ್ತದೆ, ಒಂದೇ ಪ್ರೊಫೈಲನ್ನು ಮನೆಮಂದಿಯೆಲ್ಲ ಬಳಸುತ್ತಿದ್ದರೆ ಮಕ್ಕಳ ಕಾರ್ಟೂನುಗಳೂ ನಿಮ್ಮ ಲೆಕ್ಕಕ್ಕೆ ಬೀಳುತ್ತವೆ.

ಆಮೇಲೆ ಎಣಿಕೆ: ಒಟ್ಟು ಎಷ್ಟು, ಟಾಕೀಸಿನಲ್ಲಿ ಎಷ್ಟು, ಮನೆಯಲ್ಲಿ ಎಷ್ಟು, ಯಾವ ಭಾಷೆಯಲ್ಲಿ ಎಷ್ಟು, ಹತ್ತು ವರ್ಷಕ್ಕಿಂತ ಹಳೆಯವು ಎಷ್ಟು, ಮೊದಲ ಸಲ ನೋಡಿದ್ದು ಎಷ್ಟು, ಖರ್ಚು ಎಷ್ಟು. ಇದರ ಕೆಳಗೆ ತಿಂಗಳ ಬಗ್ಗೆ ಒಂದು ಪ್ಯಾರಾ ಬರೆಯಿರಿ. ಐಪಿಎಲ್ ನಡೆಯುತ್ತಿತ್ತು, ಮಗಳಿಗೆ ಪರೀಕ್ಷೆ ಇತ್ತು, ಮಳೆಯಿಂದ ವಾರವಿಡೀ ಕರೆಂಟು ಇರಲಿಲ್ಲ ಎಂಬಂಥ ಕಾರಣಗಳಿಲ್ಲದೆ ಬರಿಯ ಸಂಖ್ಯೆಗಳಿಗೆ ಅರ್ಥವಿಲ್ಲ. ಸಂಖ್ಯೆ ಹೆಚ್ಚಿಸುವ ಪೈಪೋಟಿಗೆ ಮಾತ್ರ ಇಳಿಯಬೇಡಿ. ತಿಂಗಳ ಲೆಕ್ಕ ತುಂಬಿಸಲೆಂದೇ 31ನೇ ತಾರೀಖು ರಾತ್ರಿ ಚಿಕ್ಕದೊಂದು ಚಿತ್ರ ಹುಡುಕುವ ಸ್ಥಿತಿ ಬಂದರೆ ಒಟ್ಟು ಎಣಿಕೆಯ ಕಾಲಂ ಅನ್ನು ಕೆಲವು ತಿಂಗಳು ಹೊಡೆದುಹಾಕುವುದು ಲೇಸು.

ಹಿಂದಿನ ವರ್ಷಗಳಲ್ಲಿ ನೋಡಿದ್ದನ್ನೆಲ್ಲ ಮೊದಲು ಬರೆದು ಮುಗಿಸಿ ಆಮೇಲೆ ಶುರುಮಾಡೋಣ ಎಂದು ಹೊರಟವರಲ್ಲಿ ಬಹಳ ಜನ ಅಲ್ಲೇ ಸುಸ್ತಾಗಿ ನಿಲ್ಲುತ್ತಾರೆ. ಈ ತಿಂಗಳಿನಿಂದಲೇ ಆರಂಭಿಸಿ, ಹಳೆಯವಕ್ಕೆ ಪುಸ್ತಕದ ಕೊನೆಯ ಕೆಲವು ಹಾಳೆಗಳನ್ನು ಮೀಸಲಿಡಿ. ಅಲ್ಲಿ ನೆನಪಾದಾಗಲೆಲ್ಲ ಚಿತ್ರದ ಹೆಸರು, ಟಾಕೀಸು, ಜೊತೆಗಿದ್ದವರು ಇಷ್ಟನ್ನು ಬರೆದು ಮುಂದೆ ‘ನೆನಪಿನಿಂದ’ ಎಂದು ಗುರುತು ಹಾಕಿ. ತಾರೀಖು ಖಚಿತವಿಲ್ಲದಿದ್ದರೆ ಎಂಟನೇ ಕ್ಲಾಸಿನ ಬೇಸಿಗೆ ರಜೆ, ಅಕ್ಕನ ಮದುವೆಯ ಮರುವಾರ ಎಂದಷ್ಟೇ ಬರೆದರೂ ನಡೆಯುತ್ತದೆ. ಈ ಹಾಳೆಗಳನ್ನು ತಿಂಗಳ ಎಣಿಕೆಗೆ ಸೇರಿಸಬೇಡಿ.